ಕಚ್ಚಿಕೊಂಡ ಮುಚ್ಚಳ

ಮನೆಯೆಂದ ಮೇಲೆ ಮುಚ್ಚಳಗಳಿಗೆ ಕೊರತೆಯೇನು? ಉಪ್ಪಿನಕಾಯಿಯ ಜಾಡಿ, ಕುಂಕುಮದ ಭರಣಿ, ಅಜ್ಜಿಯ ಕಾಲದ ಸಂದೂಕ, ಗೋಡೆಯ ಬೀರು, ಇವುಗಳಲ್ಲಿ ಒಂದಲ್ಲ ಒಂದು, ಅದರಲ್ಲಿಯೂ ಅವಸರದ ಹೊತ್ತಿನಲ್ಲಿಯೇ, ತೆರೆಯಲಾರೆನೆಂದು ಹಟ ಹಿಡಿಯುವುದು ನಮ್ಮ ವಾಚಕರೆಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಹಾಗೆ ಹಟ ಹಿಡಿದ ಮುಚ್ಚಳದ ಮುಂದೆ ಕೆಲವರು ಸುತ್ತಿಗೆಯನ್ನು ಹುಡುಕುವರು. ಕೆಲವರು ಕಾರಣವನ್ನು ಹುಡುಕುವರು. ಸುತ್ತಿಗೆಯವರ ಕೆಲಸ ಬೇಗನೆ ಮುಗಿಯುವುದೆಂಬುದು ನಿಜ; ಆದರೆ ಅದರೊಡನೆ ಮುಚ್ಚಳವೂ ಮುಗಿದಿರುವುದು. ಈ ಮಾತಿಗೆ ನಿದರ್ಶನವಾಗಿ 2024ನೆಯ ಇಸವಿಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಕಾರ್ಯವನ್ನು ವಾಚಕರ ಮುಂದಿಡುತ್ತೇವೆ. ಅದು ಜಾಡಿಯ ಮುಚ್ಚಳವಲ್ಲ, ಬೀರುವಿನದೂ ಅಲ್ಲ. ಐವತ್ತು ವರ್ಷಗಳನ್ನು ದಾಟಿದ ಒಂದು ಮೋಟಾರು ಬಂಡಿಯ ಗ್ಲೋವ್ ಬಾಕ್ಸಿನ ಮುಚ್ಚಳ.

ಚಾಲಕನ ಪಕ್ಕದಲ್ಲಿ ಕುಳಿತವರ ಮೊಣಕಾಲಿಗೆ ಎದುರಾಗಿ, ಬಂಡಿಯ ಮುಂಭಾಗದ ಹಲಗೆಯಲ್ಲಿ ಅಡಗಿರುವ ಗೂಡಿಗೆ ಈ ಹೆಸರು ಬಂದಿದೆ. ಕೈಗವಸಿನ ಪೆಟ್ಟಿಗೆ ಎಂದು ಅದರ ಅರ್ಥ. ನಮ್ಮ ಸೀಮೆಯ ಸೆಕೆಯಲ್ಲಿ ಕೈಗವಸಿಗೇನು ಕೆಲಸವೆಂದು ಯಾರಾದರೂ ಕೇಳಬಹುದು. ಮೋಟಾರುಗಳು ಹುಟ್ಟಿದ ಹೊಸದರಲ್ಲಿ ಅವುಗಳಿಗೆ ಮೇಲೆ ಚಾವಣಿಯಾಗಲಿ ಮುಂದೆ ಗಾಜಾಗಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಶೀತದೇಶಗಳ ಗಾಳಿಯಲ್ಲಿ ಚಾಲಕನ ಬೆರಳುಗಳು ಮರಗಟ್ಟುತ್ತಿದ್ದುವು. ಧೂಳೂ ಎಣ್ಣೆಯ ಜಿಡ್ಡೂ ಕೈಗೆ ಮೆತ್ತುತ್ತಿದ್ದುವು. ಆದಕಾರಣ ಕೈಗವಸು ಅಲಂಕಾರಕ್ಕಲ್ಲದೆ ಅವಶ್ಯಕತೆಗೆ ಬೇಕಾಗಿದ್ದ ವಸ್ತುವಾಗಿತ್ತು. ಇಂಗ್ಲೆಂಡಿನಲ್ಲಿ ಮೋಟಾರು ಪಂದ್ಯಗಳಲ್ಲಿ ಭಾಗವಹಿಸಿ ಹೆಸರಾದ ಡೊರೊತಿ ಲೆವಿಟ್ ಎಂಬ ಮಹಿಳೆಯು 1909ರಲ್ಲಿ ಸ್ತ್ರೀಯರಿಗಾಗಿ ಮೋಟಾರಿನ ವಿಷಯದಲ್ಲಿ ಒಂದು ಪುಸ್ತಕವನ್ನು ಬರೆದು, ಆಸನದ ಕೆಳಗಿನ ಸಣ್ಣ ಸೆಳೆಖಾನೆಯಲ್ಲಿ ಕೈಗವಸನ್ನೂ ಕರವಸ್ತ್ರವನ್ನೂ ಇಟ್ಟುಕೊಳ್ಳಬೇಕೆಂದು ತಿಳಿಸಿದ್ದಾಳೆ. ಹಿಂದೆ ಬರುವ ಬಂಡಿಗಳನ್ನು ನೋಡಲು ಒಂದು ಕೈಗನ್ನಡಿಯನ್ನು ಹತ್ತಿರವಿಟ್ಟುಕೊಳ್ಳಬೇಕೆಂದೂ ಅದೇ ಪುಸ್ತಕದಲ್ಲಿ ಹೇಳಿದ್ದಾಳೆ. ಇಂದು ಪ್ರತಿಯೊಂದು ಬಂಡಿಯಲ್ಲಿಯೂ ಚಾಲಕನ ಎದುರಿಗೆ ತೂಗುವ ಕನ್ನಡಿಯು ಮಾಡುವ ಕೆಲಸವನ್ನು ಆಕೆ ಆಗಲೇ ಯೋಚಿಸಿದ್ದಳು.

ಬಂಡಿಗಳಿಗೆ ಚಾವಣಿ ಬಂದಿತು, ಗಾಜು ಬಂದಿತು, ಕೈಗವಸು ಹೋಯಿತು. ಹೆಸರು ಮಾತ್ರ ಉಳಿಯಿತು. ನಮ್ಮ ಕನ್ನಡನಾಡಿನ ಸಂಸಾರಗಳಲ್ಲಿ ಆ ಪೆಟ್ಟಿಗೆಯಲ್ಲಿ ಇರುವುದೇನೆಂದರೆ ನೋಂದಣಿಯ ಪತ್ರ, ವಿಮೆಯ ಕಾಗದ, ಗಾಜೊರಸುವ ಬಟ್ಟೆ, ಯಾವುದೋ ಕ್ಷೇತ್ರದ ಕುಂಕುಮದ ಪೊಟ್ಟಣ, ನಾಲ್ಕಾರು ಚಿಲ್ಲರೆ ನಾಣ್ಯ. 1959ರಲ್ಲಿ ಹೊರಬಂದ ಮಿನಿ ಎಂಬ ಪುಟ್ಟ ಬಂಡಿಯಲ್ಲಿ ಈ ಪೆಟ್ಟಿಗೆಗೆ ಬದಲಾಗಿ ಅಡ್ಡಲಾಗಿ ಒಂದು ತೆರೆದ ತಟ್ಟನ್ನಷ್ಟೇ ಇರಿಸಿದ್ದರು. ಮುಚ್ಚಳವಿಲ್ಲದಲ್ಲಿ ಕಚ್ಚಿಕೊಳ್ಳುವ ಭಯವೂ ಇಲ್ಲ. ಆದರೆ ಸಂಸಾರಿಗಳಿಗೆ ಮುಚ್ಚಿಡಬೇಕಾದುದು ಸ್ವಲ್ಪವಾದರೂ ಇರುತ್ತದೆಯಷ್ಟೆ.

ನಮ್ಮ ಮನೆಯ ಬಂಡಿ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಡಿಯ ಮೂರನೆಯ ಶ್ರೇಣಿಯ ಮಾದರಿಯನ್ನು ತೆಗೆದುಕೊಂಡು ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆಯವರು ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ಇದನ್ನು ತಯಾರಿಸುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಆರಂಭವಾದ ಈ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಮಂತ್ರಿಗಳನ್ನೂ ಮದುವೆಯ ದಿಬ್ಬಣವನ್ನೂ ಒಂದೇ ಗಾಂಭೀರ್ಯದಿಂದ ಹೊತ್ತ ಬಂಡಿಯೆಂದು ಇದನ್ನು ಹೊಗಳಿದರೆ ತಪ್ಪಾಗಲಾರದು. ಪರವಾನಗಿಯ ಕಟ್ಟುಪಾಡುಗಳಿದ್ದ ಆ ದಿನಗಳಲ್ಲಿ ಹಣ ಕಟ್ಟಿದವರು ಸರದಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ನಮ್ಮ ತಂದೆಯವರೂ ಹಾಗೆಯೇ ಕಾದು, 1973ರಲ್ಲಿ, ಎರಡನೆಯ ಮಾದರಿಯೆನಿಸಿದ ಒಂದು ಬಂಡಿಯನ್ನು ಮೈಸೂರಿನ ನಮ್ಮ ಮನೆಗೆ ತಂದರು. ವಯಸ್ಸಾಗಿ ಓಡಿಸುವುದನ್ನು ಬಿಟ್ಟ ಮೇಲೆಯೂ ಪ್ರತಿ ಭಾನುವಾರ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲನ್ನು ತೆರೆದು, ಯಂತ್ರವನ್ನು ಚಾಲೂ ಮಾಡಿ, ಕಾಲು ಗಂಟೆಯ ಹೊತ್ತು ಒಳಗೆ ಕುಳಿತಿದ್ದು ಬರುವುದು ಅವರಿಗೆ ಒಂದು ನೇಮವಾಗಿತ್ತು.

2024ರ ಮೇ ತಿಂಗಳಲ್ಲಿ ಅವರು ದೈವಾಧೀನರಾದರು. ಕರ್ಮಾಂತರಗಳೆಲ್ಲ ಮುಗಿದ ಮೇಲೆ ಕಾಗದಪತ್ರಗಳ ಕೆಲಸ ಎದುರಾಯಿತು. ಮನೆಯ ಯಜಮಾನನು ತೀರಿಕೊಂಡಾಗ ಬಂಡಿಯ ವಿಷಯದಲ್ಲಿ ಏನು ಮಾಡತಕ್ಕದ್ದೆಂಬುದು ಅನೇಕ ಸಂಸಾರಗಳಿಗೆ ಗೊತ್ತಿರುವುದಿಲ್ಲವಾದುದರಿಂದ ಇಲ್ಲಿ ಎರಡು ಮಾತು ಹೇಳುವುದು ಉಚಿತ. 1988ರ ಮೋಟಾರು ವಾಹನಗಳ ಕಾಯಿದೆಯನ್ನೂ ಅದರ ನಿಯಮಗಳನ್ನೂ ಅನುಸರಿಸಿ, ಮಾಲಿಕರು ತೀರಿಕೊಂಡ ಸಂಗತಿಯನ್ನು ಮೂವತ್ತು ದಿನಗಳೊಳಗಾಗಿ ನೋಂದಣಿಯ ಅಧಿಕಾರಿಗಳಿಗೆ ತಿಳಿಸಬೇಕು. ಬಂಡಿಯನ್ನು ಇಟ್ಟುಕೊಳ್ಳುವ ವಾರಸುದಾರರು ಮೂರು ತಿಂಗಳೊಳಗಾಗಿ 31ನೆಯ ನಮೂನೆಯಲ್ಲಿ ಅರ್ಜಿಯನ್ನು ಸಲ್ಲಿಸಬೇಕು. ಅರ್ಜಿಯೊಡನೆ ನೋಂದಣಿಯ ಮೂಲಪತ್ರ, ವಿಮೆಯ ಪತ್ರ, ಮರಣದ ಪ್ರಮಾಣಪತ್ರ ಇವುಗಳು ಇರಬೇಕು. ಮೊದಲನೆಯ ಪತ್ರವನ್ನು ನಾವು ಸಕಾಲದಲ್ಲಿ ಕಳುಹಿಸಿದ್ದೆವು. ಎರಡನೆಯ ಕೆಲಸಕ್ಕೆ ಮಾತ್ರ ಒಂದು ಅಡ್ಡಿ ಬಂದಿತು. ತಂದೆಯವರು ಬಂಡಿಯ ಮೂಲಪತ್ರಗಳನ್ನೆಲ್ಲ ಬಂಡಿಯಲ್ಲಿಯೇ ಇಡುವ ಪದ್ಧತಿಯವರು. ಅವು ಗ್ಲೋವ್ ಬಾಕ್ಸಿನಲ್ಲಿದ್ದುವು. ಆ ಪೆಟ್ಟಿಗೆಯ ಮುಚ್ಚಳ ತೆರೆಯಲೊಲ್ಲದು. ಮುಂಗಾರು ಹಿಡಿದು ಮೂರು ವಾರಗಳಾಗಿದ್ದುವು. ಅವರ ಗೊಂಚಲಿನಲ್ಲಿದ್ದ ಬೀಗದ ಕೈ ಅರ್ಧದವರೆಗೆ ಒಳಹೊಕ್ಕು ಅಲ್ಲಿಯೇ ನಿಂತುಬಿಡುತ್ತಿತ್ತು.

ಸಲಹೆಗಳಿಗೇನು ಬರಗಾಲವೇ? ಬೆಂಗಳೂರಿನಿಂದ ಬಂದಿದ್ದ ನಮ್ಮ ತಮ್ಮನು, “ಅಣ್ಣ, ಒಂದು ಉಳಿಯನ್ನು ಸಂದಿಗೆ ಕೊಟ್ಟು ಮೀಟಿದರೆ ಎರಡು ನಿಮಿಷದ ಕೆಲಸ. ಮುಚ್ಚಳ ಹೋದರೆ ಹೋಗಲಿ. ಶಿವಾಜಿನಗರದ ಗುಜರಿಯಲ್ಲಿ ಬೇರೊಂದು ಸಿಕ್ಕುತ್ತದೆ. ಅಷ್ಟಕ್ಕೂ ಈ ಬಂಡಿಯನ್ನು ಇಟ್ಟುಕೊಂಡು ಯಾರು ಓಡಿಸಬೇಕು? ಗುಜರಿಗೆ ಬಂಡಿಯನ್ನೇ ಕೊಟ್ಟರೂ ಆಯಿತು” ಎಂದನು. ಪರಿಚಿತರಾದ ಮತ್ತೊಬ್ಬರು ಇನ್ನೂ ಸುಲಭವಾದ ಹಾದಿಯನ್ನು ತೋರಿಸಿದರು. ಮೂಲಪತ್ರ ಕಳೆದುಹೋಗಿದೆಯೆಂದು ಠಾಣೆಯಲ್ಲಿ ಬರೆದುಕೊಟ್ಟು, 26ನೆಯ ನಮೂನೆಯಲ್ಲಿ ಅರ್ಜಿ ಹಾಕಿದರೆ ಎರಡನೆಯ ಪ್ರತಿ ಸಿಕ್ಕುವುದೆಂದು ಅವರು ಹೇಳಿದರು. ನಿಜವಾಗಿ ಕಳೆದುಕೊಂಡವರಿಗೆ ಅದು ಸರಿಯಾದ ಮಾರ್ಗವೇ.

ನಮ್ಮ ತಾಯಿಯವರು ಎರಡಕ್ಕೂ ಒಪ್ಪಲಿಲ್ಲ. ಎಂಬತ್ತೆರಡು ವರ್ಷದ ವೃದ್ಧೆ. ಆ ದಿನಗಳಲ್ಲಿ ಮಂಡಿನೋವಿನಿಂದ ಕೋಣೆ ಬಿಟ್ಟು ಹೊರಗೆ ಬರುತ್ತಿದ್ದುದೂ ಅಪರೂಪ. ಮಲಗಿದ್ದಲ್ಲಿಂದಲೇ, “ಕಳೆದುಹೋಗಿಲ್ಲವಲ್ಲ! ಅಲ್ಲಿಯೇ ಇದೆಯೆಂದು ಗೊತ್ತಿದ್ದೂ ಕಳೆದುಹೋಗಿದೆಯೆಂದು ಪೋಲೀಸಿನವರಿಗೆ ಬರೆದುಕೊಡುವುದೇ? ಅವರ ಹೆಸರಿನ ಕಾಗದಕ್ಕೆ ನಾವು ಸುಳ್ಳು ಹೇಳಬಾರದು” ಎಂದರು. ಉಳಿಯ ಮಾತಿಗೆ, “ಒಡೆದು ತೆಗೆದರೆ ನಮ್ಮ ಸೊತ್ತೇ ಆದರೂ ಕದ್ದಂತಾಗುತ್ತದೆ, ಮಗು. ಇನ್ನೂ ದಿನಗಳಿವೆಯಲ್ಲ, ನಿಧಾನವಾಗಿ ನೋಡಿ” ಎಂದರು. ಬಂಡಿಯನ್ನು ಗುಜರಿಗೆ ಕೊಡುವ ಮಾತು ಅವರ ಕಿವಿಗೆ ಬಿದ್ದಿತ್ತೋ ಇಲ್ಲವೋ, ಅದಕ್ಕೆ ಮಾತ್ರ ಏನನ್ನೂ ಹೇಳಲಿಲ್ಲ. ಅರ್ಜಿಯನ್ನು ಯಾರ ಹೆಸರಿನಲ್ಲಿ ಹಾಕಬೇಕೆಂಬುದು ಅಲ್ಲಿಯವರೆಗೆ ತೀರ್ಮಾನವಾಗಿರಲಿಲ್ಲ. ತಮ್ಮನಿಗೂ ನಮಗೂ ಈ ವಿಷಯದಲ್ಲಿ ಮಾತು ಸ್ವಲ್ಪ ಬಿಗಿಯಾಗಿಯೇ ನಡೆದಿತ್ತು. ಗಡುವಿಗೆ ಉಳಿದಿದ್ದುದು ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು.

ಆ ಬಂಡಿಯನ್ನು ಮೂವತ್ತು ವರ್ಷಗಳಿಂದ ನೋಡಿಕೊಂಡು ಬಂದ ಗರಾಜಿನ ಮೇಸ್ತ್ರಿಯವರು ಬಂದು ನೋಡಿ, ಮೀಟುವುದಕ್ಕೆ ತಾವೂ ಒಪ್ಪುವುದಿಲ್ಲವೆಂದರು. ಇಂತಹ ಬೀಗದ ಭಾಗಗಳನ್ನು ಸತುವು ಮುಖ್ಯವಾಗಿರುವ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡಿರುತ್ತಾರೆ. ಆ ಲೋಹ ಉಕ್ಕಿನಂತೆ ಬಾಗುವುದಿಲ್ಲ. ಹಳತಾದ ಮೇಲೆ ಬಳಪದಂತೆ ಪಟ್ಟನೆ ಮುರಿಯುತ್ತದೆ. ಅಗುಳಿಯ ನಾಲಗೆ ಮುರಿದು ತುಂಡು ಒಳಗೇ ಸಿಕ್ಕಿಕೊಂಡರೆ ಮುಚ್ಚಳವನ್ನು ಕತ್ತರಿಸದೆ ಬೇರೆ ದಾರಿಯಿರುವುದಿಲ್ಲ. ಮುಂಭಾಗದ ಹಲಗೆಯೂ ತಗಡಿನದಾದುದರಿಂದ ಉಳಿಯ ಒತ್ತಡಕ್ಕೆ ಅದರ ಅಂಚು ನೆಗ್ಗುವುದು. “ಮೊದಲು ಬೀಗವನ್ನು ನೋಡಿ, ಆಮೇಲೆ ಅಗುಳಿಯನ್ನು ನೋಡಿ, ಆಮೇಲೆ ಬಿಜಾಗರಿ. ಒಂದೊಂದಾಗಿ ನೋಡಿ, ಸಾರ್” ಎಂದು ಹೇಳಿ, ಪೆನ್ಸಿಲಿನ ಸೀಸಕ್ಕೆ ಹಾಕುವ ಗ್ರಾಫೈಟಿನ ಪುಡಿಯ ಒಂದು ಸಣ್ಣ ಸೀಸೆಯನ್ನು ಕೊಟ್ಟುಹೋದರು.

ಮೊದಲನೆಯ ದಿನ ಬೀಗದ ಸರದಿ. ಇಂತಹ ಸಣ್ಣ ಬೀಗಗಳೊಳಗೆ ತೆಳ್ಳಗಿನ ಹಿತ್ತಾಳೆಯ ಬಿಲ್ಲೆಗಳು ಸಾಲಾಗಿರುತ್ತವೆ. ಒಂದೊಂದರ ಬೆನ್ನಿಗೂ ಕೂದಲಿನಂತಹ ಒಂದು ಸ್ಪ್ರಿಂಗು. ತಕ್ಕ ಬೀಗದ ಕೈ ಒಳಹೊಕ್ಕಾಗ ಅದರ ಹಲ್ಲುಗಳು ಬಿಲ್ಲೆಗಳನ್ನು ಒಂದೇ ಮಟ್ಟಕ್ಕೆ ತರುವುವು. ಆಗ ಉರುಳೆ ತಿರುಗುವುದು. ಒಂದು ಬಿಲ್ಲೆ ಧೂಳಿನಿಂದ ಅಂಟಿಕೊಂಡರೂ ಬೀಗದ ಕೈ ಅಲ್ಲಿಯೇ ತಡೆಯುವುದು. ಇಂತಹ ಬೀಗಕ್ಕೆ ಮನೆಯಲ್ಲಿ ಸಾಮಾನ್ಯವಾಗಿ ಕೊಬ್ಬರಿಯೆಣ್ಣೆಯನ್ನೋ ಹೊಲಿಗೆಯ ಯಂತ್ರದ ಎಣ್ಣೆಯನ್ನೋ ಬಿಡುವ ವಾಡಿಕೆಯುಂಟು. ಆ ಹೊತ್ತಿಗೆ ಅದು ಕೆಲಸ ಮಾಡುವುದು. ಕೆಲವು ತಿಂಗಳಲ್ಲಿ ಧೂಳಿನೊಡನೆ ಸೇರಿ ಗೋಂದಿನಂತಾಗುವುದು. ಗ್ರಾಫೈಟು ಒಣಗಿದ ಪುಡಿಯಾಗಿದ್ದೇ ಜಾರುವ ಗುಣವುಳ್ಳದ್ದಾದುದರಿಂದ ಅದಕ್ಕೆ ಈ ದೋಷವಿಲ್ಲ. ನಾವು ಸೈಕಲ್ ಪಂಪಿನಿಂದ ಬೀಗದ ಕಂಡಿಗೆ ಗಾಳಿಯನ್ನು ಊದಿ, ಬೀಗದ ಕೈಯ ಹಲ್ಲುಗಳಲ್ಲಿದ್ದ ಜಿಡ್ಡನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರಸಿ ಒಣಗಿಸಿ, ಅದಕ್ಕೆ ಪುಡಿಯನ್ನು ಸವರಿ, ಒತ್ತಾಯ ಮಾಡದೆ ಒಳಕ್ಕೂ ಹೊರಕ್ಕೂ ಆಡಿಸಿದೆವು. ಇಪ್ಪತ್ತು ಬಾರಿ ಆಡಿಸುವಷ್ಟರಲ್ಲಿ ಅದು ಪೂರ್ತಿಯಾಗಿ ಒಳಹೊಕ್ಕಿತು. ಮೆಲ್ಲನೆ ತಿರುಗಿಸಲು ತಿರುಗಿತು. ಆದರೆ ಗುಂಡಿಯನ್ನು ಒತ್ತಿದರೆ ಅದು ಒಂದು ಗೋಧಿಯ ಕಾಳಿನಷ್ಟು ಒಳಕ್ಕೆ ಹೋಗಿ ನಿಂತುಬಿಟ್ಟಿತು. ಮುಚ್ಚಳ ಅಲುಗಲಿಲ್ಲ. ಉಳಿದಿರುವ ತೊಡಕು ಬೀಗದ್ದಲ್ಲ, ಅಗುಳಿಯದೆಂಬುದು ಇದರಿಂದ ಖಚಿತವಾಯಿತು.

ಎರಡನೆಯ ದಿನ ಬ್ಯಾಟರಿಯ ಒಂದು ತಂತಿಯನ್ನು ಬಿಚ್ಚಿಟ್ಟು, ಟಾರ್ಚನ್ನು ಹಿಡಿದು, ಬಂಡಿಯ ನೆಲದ ಮೇಲೆ ಬೆನ್ನು ಕೊಟ್ಟು ಮಲಗಿ, ಹಲಗೆಯ ಹಿಂಭಾಗವನ್ನು ಕೆಳಗಿನಿಂದ ನೋಡಿದೆವು. ತಂತಿಯನ್ನು ಬಿಚ್ಚುವುದು ಏತಕ್ಕೆಂದರೆ, ಹಳೆಯ ಬಂಡಿಗಳಲ್ಲಿ ಆ ಜಾಗದಲ್ಲಿ ವಿದ್ಯುತ್ತಿನ ಎಳೆಗಳು ಹೊದಿಕೆ ಸವೆದು ತೂಗಾಡುತ್ತಿರುತ್ತವೆ; ತಿರುಪುಳಿಯ ಮೊನೆ ಅವುಗಳಿಗೆ ತಾಗಿದರೆ ಕಿಡಿ ಹಾರುವುದು. ಪೆಟ್ಟಿಗೆಯ ಒಡಲು ತಗಡಿನದಲ್ಲ, ಒತ್ತಿದ ರಟ್ಟಿನದು. ರಟ್ಟೆಂದರೆ ಮರದ ನಾರು. ನಾರು ತೇವವನ್ನು ಹೀರಿ ಉಬ್ಬುವುದು ಸಹಜ. ನಮ್ಮ ಪೆಟ್ಟಿಗೆಯ ರಟ್ಟು ಹಪ್ಪಳದ ಅಂಚಿನಂತೆ ಸೊಟ್ಟಗಾಗಿ, ಮುಂದುಗಡೆಯಲ್ಲಿ ಮುಚ್ಚಳದ ಬೆನ್ನನ್ನು ಹೊರಕ್ಕೆ ನೂಕುತ್ತಿದ್ದಿತು. ರಟ್ಟನ್ನು ಕಳಚಿ ಕೈ ತೂರಿಸೋಣವೆಂದರೆ ಅದನ್ನು ಹಿಡಿದ ತಿರುಪುಗಳೆಲ್ಲ ಪೆಟ್ಟಿಗೆಯ ಒಳಮೈಯಲ್ಲಿದ್ದುವು. ಮುಚ್ಚಳ ತೆರೆದ ಹೊರತು ಅವು ಕೈಗೆ ಸಿಕ್ಕುವಂತಿರಲಿಲ್ಲ.

ಆಮೇಲೆ ಒಂದು ಹಳೆಯ ಅಂಚೆಕಾರ್ಡನ್ನು ಪಟ್ಟಿಯಾಗಿ ಕತ್ತರಿಸಿ ಮುಚ್ಚಳದ ಸಂದಿನಲ್ಲಿ ಸುತ್ತಲೂ ಎಳೆದು ನೋಡಿದೆವು. ಮೇಲಂಚಿನಲ್ಲಿ ಅದು ಎಲ್ಲಿಯೂ ತಡೆಯದೆ ಓಡಿತು. ಚಾಲಕನ ಕಡೆಯ ಕೆಳಮೂಲೆಯಲ್ಲಿ ಮಾತ್ರ ನುಗ್ಗದೆ ನಿಂತಿತು. ಎಂದರೆ ಮುಚ್ಚಳ ಆ ಮೂಲೆಯಲ್ಲಿ ಕೆಳಗೆ ಕುಸಿದಿದೆ. ಆ ಕಡೆಯ ಬಿಜಾಗರಿಯ ತಿರುಪುಗಳು ಸಡಿಲಿಸಿವೆ. ಈಗ ಕಾರಣ ಎರಡೆಂಬುದು ತಿಳಿಯಿತು. ಉಬ್ಬಿದ ರಟ್ಟು ಮುಚ್ಚಳವನ್ನು ಹೊರಕ್ಕೆ ನೂಕುವುದರಿಂದ ಅಗುಳಿಯ ನಾಲಗೆ ತನ್ನ ಕೊಂಡಿಗೆ ಬಲವಾಗಿ ಒತ್ತಿಕೊಂಡಿದೆ. ಕುಸಿದ ಮೂಲೆಯಿಂದಾಗಿ ಅದು ನೇರವಾಗಿ ಕೂರದೆ ಓರೆಯಾಗಿ ಕಚ್ಚಿದೆ. ಗುಂಡಿಯ ಹಿಂದಿರುವ ಸಣ್ಣ ಸ್ಪ್ರಿಂಗಿನ ಸನ್ನೆಗೆ ಅಷ್ಟು ಬಿಗಿಯನ್ನು ಬಿಡಿಸುವ ಶಕ್ತಿಯೆಲ್ಲಿಯದು? ಹೊರಕ್ಕೆ ಎಳೆದಷ್ಟೂ ಬಿಗಿ ಹೆಚ್ಚುವುದು. ಇಂತಹ ಕಡೆ ತೆರೆಯಬೇಕಾದರೆ ಮೊದಲು ಇನ್ನೂ ಗಟ್ಟಿಯಾಗಿ ಮುಚ್ಚಬೇಕು.

ಅದೃಷ್ಟವಶಾತ್ ಮೂರನೆಯ ದಿನ ಮಳೆ ಹೊಳವಾಗಿ ಬಿಸಿಲು ಬಿದ್ದಿತು. ತಮ್ಮನೂ ನಾವೂ ಸೇರಿ ಬಂಡಿಯನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ತಳ್ಳಿ, ಮುಂದಿನ ಗಾಜಿಗೆ ಬಿಸಿಲು ನೇರವಾಗಿ ಬೀಳುವಂತೆ ನಿಲ್ಲಿಸಿ, ಬಾಗಿಲುಗಳನ್ನು ತೆರೆದಿಟ್ಟೆವು. ಮಧ್ಯಾಹ್ನದ ವೇಳೆಗೆ ಒಳಗೆಲ್ಲ ಬೆಚ್ಚಗಾಯಿತು. ಅಂಗೈಯಿಂದ ಮುಚ್ಚಳವನ್ನು ಒಳಕ್ಕೆ ಒತ್ತಿ ಗುಂಡಿಯನ್ನು ಅದುಮಿದೆವು. ಈ ಬಾರಿ ಗುಂಡಿ ಅರ್ಧದವರೆಗೆ ಹೋಯಿತು. ಅದಕ್ಕಿಂತ ಮುಂದಕ್ಕೆ ಹೋಗಲಿಲ್ಲ. ಕುಸಿದ ಮೂಲೆಯನ್ನು ಮೇಲಕ್ಕೆ ಎತ್ತದೆ ಪ್ರಯೋಜನವಿಲ್ಲ. ಎತ್ತೋಣವೆಂದರೆ ಬೆರಳು ಹಿಡಿಯಲು ಎಡೆಯಿಲ್ಲ.

ಆ ಹೊತ್ತಿಗೆ ನಮ್ಮ ತಾಯಿಯವರು, ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡು, ಮೆಟ್ಟಿಲಿಳಿದು ಅಂಗಳಕ್ಕೆ ಬಂದರು. ಬಂಡಿಯ ಸುತ್ತ ಒಂದು ಬಾರಿ ಕಣ್ಣಾಡಿಸಿ, “ಮಳೆಗಾಲದಲ್ಲಿ ಅದು ಯಾವಾಗಲೂ ಹೀಗೆಯೇ. ಏಳಿ, ನನ್ನ ಜಾಗವನ್ನು ಬಿಡಿ” ಎಂದರು. ನಾವು ಎದ್ದು ಎಡಗಡೆಯ ಆಸನವನ್ನು ಬಿಟ್ಟುಕೊಟ್ಟೆವು. ಅವರು ಸೆರಗನ್ನು ಸರಿಪಡಿಸಿಕೊಂಡು, ಒಂದೊಂದೇ ಕಾಲನ್ನು ಒಳಗಿರಿಸಿ, ನೆಟ್ಟಗೆ ಕುಳಿತರು. “ನೀನು ಆ ಕಡೆಯಿಂದ ಬಾ. ಬೀಗದ ಕೈ ತಿರುಗಿಸುವುದು ಯಾವಾಗಲೂ ಆ ಕಡೆಯವರ ಕೆಲಸ” ಎಂದರು. ನಾವು ಸುತ್ತಿ ಬಂದು ಚಾಲಕನ ಆಸನದಲ್ಲಿ ಕುಳಿತೆವು.

ತಾಯಿಯವರು ಬಲಗಾಲಿನ ಮೊಣಕಾಲನ್ನು ಮುಚ್ಚಳದ ಕೆಳಮೂಲೆಯ ಅಡಿಗೆ ಆನಿಸಿದರು. ಮುಚ್ಚಳದ ಬಿಜಾಗರಿ ಹಲಗೆಯ ಕೆಳತುದಿಯಲ್ಲಿಯೇ ಇದ್ದುದರಿಂದ, ಬೆರಳಿಗೆ ಎಡೆಯಿಲ್ಲದಿದ್ದರೂ ಮೊಣಕಾಲಿಗೆ ಅಲ್ಲಿ ಸರಿಯಾದ ನೆಲೆಯಿತ್ತು. ಎಡಗೈಯ ಅಂಗೈಯನ್ನು ಮೇಲಂಚಿನ ಮೇಲಿಟ್ಟು ಒಳಕ್ಕೆ ಒತ್ತಿದರು. “ನಾನು ‘ಹೂಂ’ ಎಂದಾಗ ಒತ್ತು, ಅದಕ್ಕೆ ಮೊದಲು ಒತ್ತಬೇಡ” ಎಂದು ಹೇಳಿ, ಹಿಮ್ಮಡಿಯನ್ನು ಮೆಲ್ಲನೆ ಎತ್ತಿದರು. ನೋವಿನಿಂದ ಅವರ ತುಟಿ ಬಿಗಿದುದನ್ನು ಕಂಡು ನಾವು ಸಾಕೆನ್ನುವಷ್ಟರಲ್ಲಿ ‘ಹೂಂ’ ಎಂದರು. ನಾವು ಗುಂಡಿಯನ್ನು ಒತ್ತಿದೆವು. ಟಕ್ಕೆಂದು ಸದ್ದಾಗಿ ಮುಚ್ಚಳ ಕೆಳಕ್ಕೆ ಬಿದ್ದಿತು. ಹೊರಗೆ ನಿಂತಿದ್ದ ಮೊಮ್ಮಗಳು ಚಪ್ಪಾಳೆ ತಟ್ಟಿದಳು. ತಮ್ಮನು ಏನನ್ನೂ ಹೇಳದೆ ಉಳಿಯನ್ನು ತೆಗೆದುಕೊಂಡು ಹೋಗಿ ಸಾಮಾನಿನ ಪೆಟ್ಟಿಗೆಯಲ್ಲಿಟ್ಟು ಬಂದನು.

ಒಳಗೆ ತೊಗಲಿನ ಚೀಲದಲ್ಲಿ ನೋಂದಣಿಯ ಪತ್ರವೂ ವಿಮೆಯ ಪತ್ರವೂ ತೇವ ತಾಗದೆ ಭದ್ರವಾಗಿದ್ದುವು. ಹಳದಿಯ ಒರಸುಬಟ್ಟೆ, ಚಕ್ರದ ಗಾಳಿಯನ್ನು ಅಳೆಯುವ ಕಡ್ಡಿ, ಒಂದು ಕಾಲು ಮುರಿದ ಕನ್ನಡಕ, ಪೆಟ್ರೋಲಿನ ಲೆಕ್ಕವನ್ನು ಬರೆದಿಟ್ಟ ಸಣ್ಣ ಪುಸ್ತಕ ಇದ್ದುವು. ಇವೆಲ್ಲಕ್ಕಿಂತ ಹಿಂದೆ ವರ್ತಮಾನಪತ್ರಿಕೆಯ ತುಂಡಿನಲ್ಲಿ ಕಟ್ಟಿದ ಒಂದು ಪೊಟ್ಟಣವಿದ್ದಿತು. ಬಿಚ್ಚಿ ನೋಡಿದರೆ ಒಣಶುಂಠಿ, ಲವಂಗ, ಕಲ್ಲುಸಕ್ಕರೆ. ನಮ್ಮ ತಾಯಿಯವರಿಗೆ ಘಟ್ಟದ ದಾರಿಯ ತಿರುವುಗಳಲ್ಲಿ ತಲೆ ಸುತ್ತಿ ವಾಂತಿಯಾಗುತ್ತಿದ್ದುದು ನಮ್ಮೆಲ್ಲರಿಗೂ ಗೊತ್ತು. ನಾವು ಚಿಕ್ಕವರಾಗಿದ್ದಾಗ ಆ ಪೊಟ್ಟಣದ ಕಲ್ಲುಸಕ್ಕರೆಗಾಗಿ ಹಿಂದಿನ ಆಸನದಲ್ಲಿ ಜಗಳವಾಡುತ್ತಿದ್ದುದೂ ಉಂಟು. ಅವರು ಕೊನೆಯ ಬಾರಿಗೆ ಘಟ್ಟ ಇಳಿದುದು 2011ರಲ್ಲಿ, ಚಾರ್ಮಾಡಿಯ ದಾರಿಯಾಗಿ ಧರ್ಮಸ್ಥಳಕ್ಕೆ ಹೋದಾಗ. ಆದರೆ ಪೊಟ್ಟಣದ ಕಾಗದದ ಮೇಲಿದ್ದುದು 2024ರ ಏಪ್ರಿಲ್ ತಿಂಗಳ ತಾರೀಖು. ಲವಂಗದ ವಾಸನೆ ಇನ್ನೂ ಖಾರವಾಗಿಯೇ ಇತ್ತು. ತಾಯಿಯವರು ಆ ತಾರೀಖನ್ನು ಎರಡು ಬಾರಿ ಓದಿದರು. ಒಂದು ಲವಂಗವನ್ನು ಬಾಯಿಗೆ ಹಾಕಿಕೊಂಡು, ಪೊಟ್ಟಣವನ್ನು ಮೊದಲಿನಂತೆಯೇ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತಿದ್ದರು.

ಮುಚ್ಚಳ ತೆರೆದುದಕ್ಕೇ ಕೆಲಸ ಮುಗಿಯಲಿಲ್ಲ. ಹಾಗೆಯೇ ಮುಚ್ಚಿದ್ದರೆ ಮರುದಿನ ಮತ್ತೆ ಕಚ್ಚುತ್ತಿತ್ತು. ತಿರುಪುಗಳನ್ನು ಕಳಚಿ ರಟ್ಟಿನ ಒಡಲನ್ನು ಹೊರತೆಗೆದು, ಎರಡು ಮಣೆಗಳ ನಡುವೆ ಇಟ್ಟು, ಮೇಲೆ ಒರಳುಗುಂಡನ್ನು ಹೇರಿ, ನೆರಳಿನಲ್ಲಿ ನಾಲ್ಕು ದಿನ ಒಣಗಿಸಿದೆವು. ಒದ್ದೆ ರಟ್ಟನ್ನು ಬಿಸಿಲಿನಲ್ಲಿ ಬಿಡಿಯಾಗಿ ಇಟ್ಟರೆ ಸೊಟ್ಟ ಹೆಚ್ಚುವುದೆಂಬುದನ್ನು ನೆನಪಿಡಬೇಕು. ಒಣಗಿದ ಮೇಲೆ ಮುಚ್ಚಳಕ್ಕೆ ತಾಗುತ್ತಿದ್ದ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಅಂಚುಗಳಿಗೆಲ್ಲ ಎರಡು ಬಾರಿ ವಾರ್ನಿಷನ್ನು ಬಳಿದೆವು. ರಟ್ಟು ನೀರನ್ನು ಕುಡಿಯುವುದು ಹೆಚ್ಚಾಗಿ ಅಂಚಿನಿಂದಲೇ. ಮುಂದಿನ ಗಾಜಿನ ರಬ್ಬರು ಒಂದು ಕಡೆ ಬಿರಿದು ಅಲ್ಲಿಂದ ಮಳೆಯ ಹನಿ ಇಳಿಯುತ್ತಿದ್ದುದನ್ನು ಮೇಸ್ತ್ರಿಯವರು ತೋರಿಸಿದರು. ಮೂಲವ್ಯಾಧಿ ಅದೇ. ಹೊಸ ರಬ್ಬರನ್ನೂ ಸ್ವಲ್ಪ ದಪ್ಪನಾದ ತಿರುಪುಗಳನ್ನೂ ತಮ್ಮನೇ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿ ಕಳುಹಿಸಿಕೊಟ್ಟನು. ಬಿಜಾಗರಿಯನ್ನು ಬಿಗಿಮಾಡಿ, ಕೊಂಡಿಯನ್ನು ನೂಲಿನಷ್ಟು ಸರಿಸಿ, ಅಗುಳಿಯ ನಾಲಗೆಗೆ ಮೇಣದ ಬತ್ತಿಯ ತುಂಡನ್ನು ಉಜ್ಜಿದೆವು. ಈಗ ಒಂದು ಬೆರಳಿನಿಂದ ಒತ್ತಿದರೆ ತೆರೆಯುವುದು.

ಅರ್ಜಿಯು ಜುಲೈ ತಿಂಗಳಲ್ಲಿ, ಗಡುವಿಗೆ ಮೊದಲೇ, ನಮ್ಮ ತಾಯಿಯವರ ಹೆಸರಿನಲ್ಲಿ ಹೋಯಿತು. ಹಾಗೆ ಆಗಲೆಂದು ಮೊದಲು ಹೇಳಿದವನು ತಮ್ಮನೇ. ಐವತ್ತು ವರ್ಷ ಮೀರಿ ಮೂಲರೂಪದಲ್ಲಿಯೇ ಉಳಿದಿರುವ ಬಂಡಿಗಳಿಗೆ ಪುರಾತನ ವಾಹನಗಳೆಂದು ಬೇರೆ ಬಗೆಯ ನೋಂದಣಿಯನ್ನು ಕೇಂದ್ರ ಸರ್ಕಾರದವರು 2021ರ ಜುಲೈ ತಿಂಗಳಲ್ಲಿ ನಿಯಮಿಸಿದರು. ಆ ನಿಯಮದಂತೆ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅದನ್ನು ಮಾಡಿಸೋಣವೇ ಎಂದು ತಾಯಿಯವರನ್ನು ಕೇಳಿದೆವು. ಹಾಗೆ ನೋಂದಾಯಿಸಿದ ಬಂಡಿಯನ್ನು ಪ್ರದರ್ಶನ, ಮೆರವಣಿಗೆ, ದುರಸ್ತಿ ಮೊದಲಾದ ಕೆಲಸಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸಕೂಡದೆಂದು ತಿಳಿದಾಗ, “ಹಾಗಾದರೆ ಬೇಡ. ಚಾಮುಂಡಿ ಬೆಟ್ಟಕ್ಕೆ ಹೋಗಿಬರುವುದಕ್ಕೆ ಬೇಕು” ಎಂದರು.

ಈ ಅನುಭವದಿಂದ ಗೃಹಸ್ಥರಿಗೂ ಗೃಹಿಣಿಯರಿಗೂ ಉಪಯೋಗವಾಗಬಹುದಾದ ನಾಲ್ಕು ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಬಂಡಿಯ ಮೂಲಪತ್ರಗಳನ್ನು ಮನೆಯ ಬೀರುವಿನಲ್ಲಿಡುವುದು ಒಳ್ಳೆಯದು. ದಾರಿಯಲ್ಲಿ ತೋರಿಸುವುದಕ್ಕೆ ಸರ್ಕಾರದ ಡಿಜಿಲಾಕರಿನಲ್ಲಿರುವ ಪ್ರತಿಗಳು ಸಾಕಾಗುತ್ತವೆ. ಬಳಸದೆ ನಿಂತ ಬಂಡಿಯ ಬಾಗಿಲು, ಬಾನೆಟ್ಟು, ಪೆಟ್ಟಿಗೆ, ಇವುಗಳನ್ನು ತಿಂಗಳಿಗೊಮ್ಮೆಯಾದರೂ ತೆರೆದು ಮುಚ್ಚಬೇಕು. ತೆರೆಯದ ಮುಚ್ಚಳವನ್ನು ಎಳೆಯುವುದಕ್ಕೆ ಮೊದಲು ಒಮ್ಮೆ ಒಳಕ್ಕೆ ಒತ್ತಿ ನೋಡಬೇಕು. ಬೀರುವಿಗೂ ಸಂದೂಕಕ್ಕೂ ಈ ಮಾತು ಸಲ್ಲುವುದು. ಇದಕ್ಕೂ ಬಗ್ಗದಿದ್ದರೆ, ಆ ಮುಚ್ಚಳದ ಎದುರಿಗೆ ಬಹುಕಾಲ ಕುಳಿತವರು ಮನೆಯಲ್ಲಿ ಯಾರಿರುವರೆಂದು ವಿಚಾರಿಸಬೇಕು. ಯಂತ್ರದ ಪುಸ್ತಕಗಳಲ್ಲಿ ಕಾಣದ ಎಷ್ಟೋ ಉಪಾಯಗಳು ಅಂಥವರಿಗೆ ಗೊತ್ತಿರುವುವು. ಯಾರೂ ಕೇಳದಿರುವುದರಿಂದ ಅವರು ಹೇಳಿರುವುದಿಲ್ಲ.